ಏಳು ಮನೆಯ ಡಬ್ಬಿ

ಆಸ್ಟಿನ್ ಪಕ್ಕದ ಲಿಯಾಂಡರ್‌ನಿಂದ ಹೂಸ್ಟನ್‌ಗೆ ಮೂರು ಗಂಟೆಯ ದಾರಿ. ಆ ಮೂರು ಗಂಟೆಯಲ್ಲಿ ಮೋಹನರಾಜ ಹೆಂಡತಿಗೆ ಹೇಳಬೇಕಾದ ಒಂದು ಮಾತನ್ನು ಹತ್ತು ಸಲ ಬಾಯಿಯವರೆಗೆ ತಂದ, ಹತ್ತು ಸಲವೂ ನುಂಗಿಕೊಂಡ. ಪಕ್ಕದಲ್ಲಿ ಗೋದಾವರಿ ನಾಲ್ಕೂವರೆ ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು ಒರಗಿಕೊಂಡಿದ್ದಳು. ರಕ್ತದ ಟೆಸ್ಟಿನಲ್ಲಿ ಏನೋ ಜಾಸ್ತಿ ಬಂದಿದೆ, ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿ ಎಂದು ಆಸ್ಟಿನ್ನಿನ ಡಾಕ್ಟರ್ ಚೀಟಿ ಬರೆದು ಕಳಿಸಿದ್ದರು.

"ಸ್ಕ್ಯಾನ್ ಮುಗಿಸ್ಕೊಂಡು ಹಾಗೇ ಪೇರ್‌ಲ್ಯಾಂಡ್‌ಗೆ ಹೋಗಿ ದೇವಸ್ಥಾನದಲ್ಲಿ ಮೀನಾಕ್ಷಿಗೊಂದು ನಮಸ್ಕಾರ ಹಾಕಿ ಬರೋಣ ರೀ" ಎಂದಳು. "ಎಲ್ಲಾ ಸರಿ ಇರುತ್ತೆ. ನಾನೇನು ಒಂದಿನಾನಾದ್ರೂ ಮಾತ್ರೆ ತಪ್ಪಿಸಿದೀನಾ?"

"ಇಲ್ಲ" ಎಂದ ಮೋಹನರಾಜ. ಅವಳು ತಪ್ಪಿಸಿರಲಿಲ್ಲ, ಅದು ನಿಜ.

ಗೋದಾವರಿಗೆ ಹನ್ನೊಂದನೇ ವಯಸ್ಸಿನಿಂದ ಫಿಟ್ಸ್. ಮುಚ್ಚಿಟ್ಟು ಮಾಡಿದ ಮದುವೆಯಲ್ಲ ಇದು. ಹೆಣ್ಣು ನೋಡಲು ಹೋದ ದಿನವೇ ಅವಳ ಅಪ್ಪ ಕೈಮುಗಿದು ಹೇಳಿದ್ದರು. ಮೋಹನರಾಜ "ಅದಕ್ಕೇನಂತೆ, ಮಾತ್ರೆ ಇದೆಯಲ್ಲ" ಎಂದಿದ್ದ. ಇಂಥ ಹುಡುಗ ಎಲ್ಲಿ ಸಿಗ್ತಾನೆ ಎಂದು ಮೈಸೂರಿನ ನೆಂಟರೆಲ್ಲ ಹೊಗಳಿದ್ದೂ ಹೊಗಳಿದ್ದೇ. ಆ ಹೊಗಳಿಕೆ ಅವನಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು! ಅಮೆರಿಕಕ್ಕೆ ಕರೆತಂದ ಮೇಲೆ ಮಾತ್ರೆಯ ಉಸ್ತುವಾರಿಯನ್ನೂ ತಾನೇ ವಹಿಸಿಕೊಂಡ. ವಾರದ ಏಳು ದಿನಕ್ಕೆ ಏಳು ಮನೆಯಿರುವ ಪ್ಲಾಸ್ಟಿಕ್ ಡಬ್ಬಿ ತಂದ. ಭಾನುವಾರ ಕಾಫಿ ಕುಡಿದಾದ ಮೇಲೆ ಒಂದೊಂದು ಮನೆಗೂ ಮಾತ್ರೆ ತುಂಬುವುದು ಅವನ ಕೆಲಸ. ಅವಳು ಮಧ್ಯಾಹ್ನ ಊಟವಾದ ಮೇಲೆ ಆ ದಿನದ ಮನೆ ತೆರೆದು, ನೋಡದೆ ಬಾಯಿಗೆ ಹಾಕಿಕೊಳ್ಳುವಳು.

ಮಗು ಬೇಕು ಎಂದಾಗ ಮೈಸೂರಿನ ಡಾಕ್ಟರ್ ಫೋನಿನಲ್ಲೇ ಬಿಡಿಸಿ ಹೇಳಿದ್ದರು. ಫಿಟ್ಸ್ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಆದರೆ ಆ ಮಾತ್ರೆಯಿಂದ ಮಗುವಿನ ಬೆನ್ನುಮೂಳೆಗೆ ತೊಂದರೆಯಾಗುವ ಅಪಾಯ ಒಂಚೂರು ಇದೆ. ಅದನ್ನು ತಗ್ಗಿಸಲು ಬಸಿರಾಗುವ ಮೂರು ತಿಂಗಳ ಮುಂಚಿನಿಂದಲೇ ದಿನಕ್ಕೆ ಐದು ಮಿಲಿಗ್ರಾಂ ಫೋಲಿಕ್ ಆಸಿಡ್ ತಿನ್ನಬೇಕು. ಸೊಪ್ಪಿನಲ್ಲಿರುತ್ತದಲ್ಲ, ಆ ಸತ್ವವೇ, ಆದರೆ ಬರೀ ಸೊಪ್ಪು ತಿಂದರೆ ಸಾಲದು. ಗೋದಾವರಿಯ ಅಮ್ಮ ಹುಳಿಪುಡಿಯ ಜೊತೆ ಆ ಮಾತ್ರೆಗಳನ್ನೂ ಕಟ್ಟಿ ಕಳಿಸಿದರು.

ಮೋಹನರಾಜ ಚಿಪ್ ಟೆಸ್ಟ್ ಮಾಡುವ ಇಂಜಿನಿಯರ್. ಯಾವುದೇ ಅಂಕಿ ಕಂಡರೂ ಅದರ ಮಿತಿ ಎಷ್ಟು ಎಂದು ನೋಡುವ ಚಾಳಿ. ಅಂಗಡಿಯಲ್ಲಿ ಅದೇ ಫೋಲಿಕ್ ಆಸಿಡ್‌ನ ಬಾಟಲಿ ತಿರುಗಿಸಿ ನೋಡಿದ: ನಾನೂರು ಮೈಕ್ರೋಗ್ರಾಂ, ದಿನದ ಅಗತ್ಯದ ನೂರಕ್ಕೆ ನೂರು. ಅಂದರೆ ಮೈಸೂರಿನ ಮಾತ್ರೆ ನೂರಕ್ಕೆ ಸಾವಿರದ ಇನ್ನೂರ ಐವತ್ತು! ಅಯ್ಯೋ ನಮ್ಮ ಊರಿನ ಡಾಕ್ಟರುಗಳೇ, ಕೈಗೆ ಬಂದಷ್ಟು ಬರೆದುಬಿಡ್ತಾರಲ್ಲ ಎಂದುಕೊಂಡ. ಗೋದಾವರಿಗೆ ಹೇಳಿದರೆ ಜಗಳವಾಗುತ್ತದೆ, ಅವಳಿಗೆ ಆ ಡಾಕ್ಟರ್ ಎಂದರೆ ದೇವರು. ಅದಕ್ಕೇ ಬಾಯಿಬಿಡದೆ ಅಂಗಡಿಯ ಮಾತ್ರೆಯನ್ನು ಡಬ್ಬಿಗೆ ತುಂಬಿದ. ಎರಡೂ ಹಳದಿ, ಎರಡೂ ಪುಟಾಣಿ. ಅಲ್ಲ, ಒಂದು ಫೋನ್ ಮಾಡಿ ಯಾರನ್ನಾದರೂ ಕೇಳಲು ಏನಾಗಿತ್ತು ಇವನಿಗೆ ಧಾಡಿ? ಕೇಳಲಿಲ್ಲ. ಮಹಾ ಬುದ್ಧಿವಂತನಲ್ಲವೇ!

ಒಂಬತ್ತನೇ ವಾರದಲ್ಲಿ ಆಸ್ಟಿನ್ನಿನ ಡಾಕ್ಟರ್ ಫೋಲಿಕ್ ಆಸಿಡ್ ಎಷ್ಟು ತಿನ್ನುತ್ತೀರಿ ಎಂದು ಕೇಳಿದಾಗ ಗೋದಾವರಿ ಐದು ಬೆರಳು ತೋರಿಸಿದಳು. "ಸರಿಯಾಗಿದೆ" ಎಂದರು ಡಾಕ್ಟರ್. "ಫಿಟ್ಸ್ ಮಾತ್ರೆ ತಿನ್ನುವವರಿಗೆ ಎಲ್ಲರಷ್ಟೇ ಸಾಲದು. ಮಗುವಿನ ಬೆನ್ನು ಮುಚ್ಚಿಕೊಳ್ಳುವುದು ಮೊದಲ ತಿಂಗಳಲ್ಲೇ. ಮುಂಚೆಯೇ ಶುರು ಮಾಡಿದ್ದು ಒಳ್ಳೆಯದಾಯಿತು."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮೋಹನರಾಜ ಅಷ್ಟನ್ನೂ ಕೇಳಿಸಿಕೊಂಡ. ಅಂದು ಸಂಜೆಯೇ ಗ್ಯಾರೇಜಿನಲ್ಲಿ ಅಡಗಿಸಿಟ್ಟಿದ್ದ ಮೈಸೂರಿನ ಮಾತ್ರೆಗಳನ್ನು ತಂದು, ಕದ್ದ ಒಡವೆಯನ್ನು ವಾಪಸ್ ಇಡುವವನಂತೆ ಡಬ್ಬಿಗೆ ತುಂಬಿದ. ಆಗಲೇ ಹೊತ್ತು ಮೀರಿತ್ತು, ಅದು ಅವನಿಗೆ ಗೊತ್ತಿತ್ತು. ಏನೂ ಆಗಿರಲಾರದು, ಎಷ್ಟು ಜನಕ್ಕೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಒಂಬತ್ತು ವಾರ ಕಳೆದ. ಅನ್ನ ಸೇರುತ್ತಿರಲಿಲ್ಲ. "ಬಸುರಿ ನಾನು, ವಾಕರಿಕೆ ಮಾತ್ರ ನಿಮಗೆ!" ಎಂದು ಗೋದಾವರಿ ನಗುತ್ತಿದ್ದಳು.

ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಮೊದಲು ಹರಟೆ ಹೊಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾಗಿ ಹೊರಗೆ ಹೋದಳು. ಬಂದವರು ನರೆಗೂದಲಿನ ಡಾಕ್ಟರಮ್ಮ. ತೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿದರು: ಕೆಳಬೆನ್ನಿನಲ್ಲಿ ಮೂಳೆ ಮುಚ್ಚಿಕೊಂಡಿಲ್ಲ. ಹುಟ್ಟಿದ ಕೂಡಲೇ ಆಪರೇಷನ್ ಬೇಕಾಗುತ್ತದೆ. ಕಾಲಿನಲ್ಲಿ ಬಲವಿರುತ್ತದೋ ಇಲ್ಲವೋ, ಈಗಲೇ ಹೇಳಲಾಗದು.

"ಫೋಲಿಕ್ ಆಸಿಡ್?" ಎಂದು ಫೈಲ್ ತಿರುವಿದರು.

"ಐದು ಮಿಲಿಗ್ರಾಂ, ಮೂರು ತಿಂಗಳ ಮುಂಚಿನಿಂದ" ಎಂದಳು ಗೋದಾವರಿ, ಅಳುವಿನ ಮಧ್ಯೆ. "ಒಂದು ದಿನವೂ ಬಿಟ್ಟಿಲ್ಲ. ನನ್ನ ಗಂಡನೇ ಡಬ್ಬಿ ತುಂಬಿ ಕೊಡುತ್ತಾರೆ."

"ಹಾಗಿದ್ದರೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ" ಎಂದು ಡಾಕ್ಟರಮ್ಮ ಅವಳ ಭುಜ ಮುಟ್ಟಿ, ಪಕ್ಕದ ಪುಟ್ಟ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ ಹೋದರು.

ಅಷ್ಟರಲ್ಲಿ ಮೋಹನರಾಜನ ಸೆಲ್‌ಫೋನ್ ಹೊಡೆದುಕೊಂಡಿತು. ಡಾಲಸ್‌ನಿಂದ ಅವನ ಅಕ್ಕ ರಾಜಲಕ್ಷ್ಮಿ. "ಸರಿಯಿಲ್ವಂತೆ ಅಕ್ಕಾ, ಮಗೂನ ಬೆನ್ನು..." ಎಂದನಷ್ಟೇ.

"ಬಡ್ಕೊಂಡೆ ಕಣೋ ಅವತ್ತೇ! ಫಿಟ್ಸ್ ಇರೋ ಹುಡುಗಿ ಬೇಡ ಅಂತ ಬಡ್ಕೊಂಡೆ. ದೊಡ್ಡ ಮನುಷ್ಯ ಆಗೋಕೆ ಹೋದೆ. ಈಗ ಅನುಭವಿಸು!" ರಾಜಲಕ್ಷ್ಮಿಯದು ಮೊದಲೇ ದೊಡ್ಡ ಗಂಟಲು. ಕೋಣೆ ಚಿಕ್ಕದು. ಗೋದಾವರಿಗೆ ಒಂದಕ್ಷರ ಬಿಡದೆ ಕೇಳಿಸಿತು.

ಅವನು ಫೋನ್ ಕಟ್ ಮಾಡಿದ. ಗೋದಾವರಿ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಳು.

"ಅತ್ತಿಗೆ ಹೇಳಿದ್ರಲ್ಲಿ ತಪ್ಪೇನಿದೆ ರೀ? ನನ್ನ ದರಿದ್ರ ಕಾಯಿಲೆನೇ ತಾನೆ ಮಗೂಗೆ ಮುಳುವಾಗಿದ್ದು? ನೀವು ಎಲ್ಲಾ ಮಾಡಿದ್ರಿ. ನನ್ನನ್ನ ಕಟ್ಕೊಂಡು ನಿಮಗಿಂಥ ಗತಿ ಬಂತು. ನನ್ನ ಕ್ಷಮಿಸ್ಬಿಡಿ" ಎಂದು ಅವನ ಕೈಗೆ ಹಣೆ ಒತ್ತಿದಳು.

ತಡೆಯಲಾಗಲಿಲ್ಲ ಅವನಿಗೆ. ಕೈ ಕಿತ್ತುಕೊಂಡ. "ಬೇಡ ಗೋದಾ, ಹಾಗನ್ಬೇಡ. ಐದಲ್ಲ ಕಣೇ. ನೀನು ತಿಂದಿದ್ದು ಐದರ ಮಾತ್ರೆ ಅಲ್ಲ. ನಾನೇ ಬದಲಾಯಿಸಿದ್ದೆ. ಅದರಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರಲಿಲ್ಲ. ಜಾಸ್ತಿಯಾದ್ರೆ ನಿನಗೇ ತೊಂದರೆ ಅಂದ್ಕೊಂಡೆ..."

"ಯಾವತ್ತಿಂದ?"

"ಮೊದಲಿಂದ."

"ತಪ್ಪು ಅಂತ ಯಾವತ್ತು ಗೊತ್ತಾಯ್ತು?"

ಇದಕ್ಕೆ ಉತ್ತರ ಹೇಳುವುದು ಅದಕ್ಕಿಂತ ಕಷ್ಟವಾಯಿತು. "ಒಂಬತ್ತನೇ ವಾರ. ಆ ಡಾಕ್ಟರ್ ಹೇಳಿದಾಗ. ಆಮೇಲಿಂದ ಐದರದ್ದೇ ಹಾಕಿದೀನಿ."

ಗೋದಾವರಿ ಅಳು ನಿಲ್ಲಿಸಿದಳು. ಎದ್ದು ಬಾಗಿಲು ತೆರೆದು ಡಾಕ್ಟರಮ್ಮನನ್ನು ಕರೆದಳು. "ಈಗ ಹೇಳಿದ್ದನ್ನ ಇವರಿಗೂ ಹೇಳಿ" ಎಂದಳು. "ಇಂಗ್ಲಿಷ್‌ನಲ್ಲಿ ಹೇಳಿ. ನನ್ನ ಫೈಲ್‌ನಲ್ಲಿ ಬರ್ಕೊಳ್ಳಲಿ."

ತೊದಲುತ್ತ ಹೇಳಿದ. ಡಾಕ್ಟರಮ್ಮ ಬರೆದುಕೊಂಡರು. "ಐದು ತಿಂದಿದ್ದರೂ ಹೀಗಾಗುತ್ತಿರಲಿಲ್ಲ ಎಂದು ಹೇಳಲಾರೆ" ಎಂದರು. "ಆಗುತ್ತಿತ್ತು ಎಂದೂ ಹೇಳಲಾರೆ. ಅದು ಯಾರಿಗೂ ಎಂದೂ ಗೊತ್ತಾಗುವುದಿಲ್ಲ." ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು ಮೋಹನರಾಜನಿಗೆ. ಇನ್ನು ಬದುಕಿರುವವರೆಗೂ ಇದೇ ಗೊತ್ತಾಗದಿರುವುದರ ಜೊತೆ ಏಗಬೇಕು.

ಗಂಟೆ ಒಂದಾಗಿತ್ತು. ನರ್ಸ್ ನೀರು ತಂದಿಟ್ಟಳು. ಗೋದಾವರಿ ಬ್ಯಾಗಿನಿಂದ ಡಬ್ಬಿ ತೆಗೆದು ಮಂಗಳವಾರದ ಮನೆ ತೆರೆದು, ಎರಡು ಮಾತ್ರೆಗಳನ್ನೂ ಅಂಗೈಗೆ ಸುರಿದುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ಒಂದೊಂದನ್ನೂ ಹೊರಳಿಸಿ ನೋಡಿದಳು.

"ದೊಡ್ಡದು ಫಿಟ್ಸ್ ಮಾತ್ರೆ. ಹಳದೀದು ಫೋಲಿಕ್, ಐದರದ್ದು" ಎಂದ ಮೋಹನರಾಜ.

ಅವಳು ಅಂಗೈಯನ್ನು ನರ್ಸ್ ಕಡೆ ಚಾಚಿದಳು. ನರ್ಸ್ ದೊಡ್ಡ ಮಾತ್ರೆಯ ಮೇಲಿನ ಅಕ್ಷರ ಓದಿ, ಹೌದು, ಇದು ಫಿಟ್ಸ್‌ದೇ ಎಂದಳು. ಹಳದಿಯದರ ಮೇಲೆ ಏನೂ ಬರೆದಿರಲಿಲ್ಲ. "ಇದೇನೆಂದು ನನಗೆ ಗೊತ್ತಾಗುತ್ತಿಲ್ಲ" ಎಂದಳು.

ಗೋದಾವರಿ ದೊಡ್ಡ ಮಾತ್ರೆ ನುಂಗಿ ನೀರು ಕುಡಿದಳು. ಹಳದಿ ಮಾತ್ರೆಯನ್ನು ಗಂಡನ ಅಂಗೈಯಲ್ಲಿಟ್ಟಳು.

"ಐದರದ್ದೇ ಕಣೇ ಗೋದಾ, ನಿನ್ನಾಣೆ!" ಎಂದ ಅವನು. ಅದು ನಿಜವೇ ಆಗಿತ್ತು. ಅವಳು ಡಬ್ಬಿಯನ್ನು ಬ್ಯಾಗಿನೊಳಗೆ ಹಾಕಿ, ಜಿಪ್ ಎಳೆದು, ನರ್ಸಿನ ಕಡೆ ತಿರುಗಿ, ಫೋಲಿಕ್ ಮಾತ್ರೆಗೆ ಹೊಸ ಚೀಟಿ ಬರೆಸಿಕೊಡಿ ಎಂದು ಕೇಳಿದಳು.