ಬಳೆಮೀನಿನ ಜಾಗ

ಹೆಸರಿಲ್ಲದ ಮೀನನ್ನು ಹೊನ್ನಾವರದ ಪೇಟೆಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಬಂಗುಡೆ, ತಾರ್ಲೆ ಎಂದರೆ ಜನ ಬಗ್ಗಿ ನೋಡುತ್ತಿದ್ದರು. ಗೊತ್ತಿಲ್ಲದ್ದನ್ನು ಕಂಡರೆ ಮೂಗು ಮುರಿದು ಮುಂದಿನ ಬುಟ್ಟಿಗೆ ಹೋಗುತ್ತಿದ್ದರು. ಅದಕ್ಕೇ ಬೆಳ್ಳಿ, ಗಂಡ ಈರ ಆಗೀಗ ಗಾಳ ಹಾಕಿ ಹಿಡಿದು ತರುತ್ತಿದ್ದ ನೀಲಿ ಗೆರೆಯ ಹಳದಿ ಮೀನಿಗೆ ತಾನೇ ಬಳೆಮೀನು ಎಂದು ಹೆಸರಿಟ್ಟಳು. ಗೆರೆಗಳು ಮೈಸುತ್ತ ಬಳೆ ತೊಡಿಸಿದ ಹಾಗಿದ್ದವು. ವರ್ಷದೊಳಗೆ ಪೇಟೆಯ ಹೆಂಗಸರು, "ಇವತ್ತು ಬಳೆಮೀನು ಇಲ್ವನೇ ಬೆಳ್ಳಿ?" ಎಂದು ಕೇಳುವಂತಾಯಿತು. ನಾಮಕರಣಕ್ಕೆ ಭಟ್ಟರೇ ಬೇಕೆಂದಿಲ್ಲ, ಬಾಯಿ ಗಟ್ಟಿಯಿದ್ದರೆ ಸಾಕು.

ಬೆಳ್ಳಿ ತೀರಿಕೊಂಡು ಆ ಬಾಯಿ ಸುಮ್ಮನಾಗಿ ಆರು ವರ್ಷವಾಗಿತ್ತು. ೨೦೦೯ರಲ್ಲಿ ಮಗಳು ಸುಚಿತಾ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ ಕೂರುವುದು ಅವಳಿಗೊಂದು ಹುಚ್ಚು. ಜನ ತಾವು ಕಂಡ ಹಕ್ಕಿ, ಚಿಟ್ಟೆ, ಮೀನುಗಳ ಫೋಟೋ ಹಾಕುವ ಒಂದು ಜಾಲತಾಣವಿತ್ತು. ಅದರ ಪಟ್ಟಿಯಲ್ಲಿ ಇಲ್ಲದ ಜೀವಿ ಕಂಡರೆ ಫೋಟೋ, ತಾರೀಕು, ಜಾಗ ಕೊಟ್ಟು ಸೇರಿಸಿರೆಂದು ಕೇಳಬಹುದಿತ್ತು. ಊರಿನವರು ಕರೆಯುವ ಹೆಸರಿಗೂ ಒಂದು ಕಾಲಂ.

ಸಾವಿರಗಟ್ಟಲೆ ಮೀನಿರುವ ಆ ಪಟ್ಟಿಯಲ್ಲಿ ಅಮ್ಮನ ಮೀನೊಂದೇ ಇಲ್ಲವೆಂದು ಸುಚಿತಾಳಿಗೆ ಸಿಟ್ಟೇ ಬಂತು. ಈಗ ಪೇಟೆಗೆ ಬಳೆಮೀನು ಬರುವುದಿಲ್ಲ. ಆ ಹೆಸರು ಹೇಳುತ್ತಿದ್ದ ಗಿರಾಕಿಗಳೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದರು. ಈ ಪಟ್ಟಿಗಾದರೂ ಸೇರದಿದ್ದರೆ ಅಮ್ಮ ಇಟ್ಟ ಹೆಸರು ಅಮ್ಮನ ಹಿಂದೆಯೇ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಫೋಟೋ ಇತ್ತು. ಮುಂಬೈಯಿಂದ ರಜೆಗೆ ಬಂದಿದ್ದ ಅಣ್ಣ ಜಗದೀಶ, ಚಿಕ್ಕಪ್ಪನ ಮಗ, ತೆಗೆದದ್ದು. ಬೆಳ್ಳಿ ಮೀನನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, ಮದುವೆ ಮನೆಯಲ್ಲಿ ನಿಂತವಳ ಹಾಗೆ ಬಿಗಿಯಾಗಿ ನಿಂತಿದ್ದಾಳೆ. ಮೂಲೆಯಲ್ಲಿ ಕೇಸರಿ ಬಣ್ಣದ ತಾರೀಕು: ೧೯೯೮, ಅಕ್ಟೋಬರ್. ಅದನ್ನು ಕಂಡಾಗಲೆಲ್ಲ ಸುಚಿತಾಳಿಗೆ ಆ ಬೆಳಗುಗಳ ನೆನಪು: ಅಮ್ಮ ಬುಟ್ಟಿ ಹೊತ್ತು ಬಸ್ಸಿಗೆ ಓಡುವುದು, ಕಂಡಕ್ಟರ್ ಗೊಣಗುವುದು, ಅಮ್ಮ ಅವನಿಗಿಂತ ದೊಡ್ಡದಾಗಿ ಗೊಣಗಿ ಸೀಟು ಹಿಡಿಯುವುದು.

ಜಾಗವಂತೂ ಮನೆಯವರಿಗೆಲ್ಲ ಬಾಯಿಪಾಠ. ಧಾರೇಶ್ವರದ ದಡದ ಹತ್ತಿರದ ಕಲ್ಲು. "ಧಾರೇಶ್ವರ ದೇವರಾಣೆ, ಅಲ್ಲೀದೇ ಮೀನು," ಎಂದು ಅಮ್ಮ ಗಿರಾಕಿಗಳಿಗೆ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿತ್ತು. ಸುಚಿತಾ ನಕಾಶೆಯಲ್ಲಿ ಅಲ್ಲಿಗೇ ಗುರುತು ಹಾಕಿ ಕಳಿಸಿದಳು.

ಹತ್ತು ದಿನಕ್ಕೆ ಪಟ್ಟಿ ನೋಡಿಕೊಳ್ಳುವ ವಿಜ್ಞಾನಿಯ ಉತ್ತರ ಬಂತು. ಮೀನಿನ ಶಾಸ್ತ್ರೀಯ ಹೆಸರು ಗೊತ್ತಾಗಿದೆ, ಆದರೆ ಇದು ಆಳದ ಬಂಡೆಯ ಮೀನು. ನೀವು ತೋರಿಸಿದ ಕಡೆ ಎರಡಾಳುದ್ದದ ನೀರೂ ಇಲ್ಲ. ಜಾಗ ಖಚಿತವಾಗದೆ ಸೇರಿಸಲು ಬರುವುದಿಲ್ಲ.

ಈರ ಜಗಲಿಯಲ್ಲಿ ಗಾಳದ ದಾರದ ಗಂಟು ಬಿಡಿಸುತ್ತ ಕೂತಿದ್ದ. ಕಡಲಿಗೆ ಹೋಗುವುದು ಬಿಟ್ಟು ಎರಡು ವರ್ಷವಾದರೂ ಗಂಟು ಮುಗಿದಿರಲಿಲ್ಲ.

"ಅಪ್ಪಾ, ಬಳೆಮೀನು ಸಿಗ್ತಿದ್ದದ್ದು ಧಾರೇಶ್ವರದ ಕಲ್ಲಿನ ಹತ್ರವೇ ಹೌದಾ?"

"ಹೌದು. ಎಂತಕ್ಕೆ?"

"ಅಲ್ಲಿ ಆ ಮೀನು ಇರೂದೇ ಇಲ್ವಂತೆ."

ಈರನ ಕೈ ನಿಂತಿತು. "ಯಾರು ಹೇಳ್ದ? ಕುಪ್ಪನಾ?"

ಕುಪ್ಪ ಪಕ್ಕದ ಮನೆಯವನು. ಮೂವತ್ತು ವರ್ಷ ಈರನ ಜಾಗ ಹುಡುಕಿ ಸೋತವನು. ಗಾಳದವರಲ್ಲಿ ಒಂದು ಪದ್ಧತಿ: ಮೀನು ತೋರಿಸಬಹುದು, ಜಾಗ ತೋರಿಸಬಾರದು. ಕೇಳಿದರೆ ಬೇರೆಯದೇ ಹೇಳಬೇಕು. ಹೇಳುವವನದು ಸುಳ್ಳೆಂದು ಕೇಳುವವನಿಗೂ ಗೊತ್ತು, ಆದರೂ ಒಮ್ಮೆ ಅಲ್ಲಿ ಹೋಗಿ ಗಾಳ ಬಿಡದಿದ್ದರೆ ಅವನಿಗೆ ಸಮಾಧಾನವಿಲ್ಲ.

ಸುಚಿತಾಳಿಗೆ ಆಗ ಹೊಳೆಯಿತು. "ಅಮ್ಮನಿಗೂ ಸುಳ್ಳೇ ಹೇಳಿದ್ದೆಯಾ?"

"ಅವಳಿಗೆ ಸುಳ್ಳು ಹೇಳೂಕೆ ಬರೂದಿಲ್ಲಾಗಿತ್ತು, ಮಗಾ. ನಿಜ ಹೇಳಿದ್ರೆ ಮರುದಿನ ಪೇಟೆಗೆಲ್ಲ ಗೊತ್ತಾಗ್ತಿತ್ತು. ಅದ್ಕೆ ಅವಳಿಗೂ ಧಾರೇಶ್ವರ ಅಂತ್ಲೇ ಹೇಳ್ದೆ. ನನ್ನ ಮಾತು ನಂಬದ ಕುಪ್ಪನೂ ಅವಳು ಆಣೆ ಹಾಕಿದ್ಮೇಲೆ ನಂಬ್ದ."

ಈ ಮಾತಿಗೆ ಈರನಿಗೆ ಹಳೆಯ ನಗು ಬಂತು. ಸುಚಿತಾಳಿಗೆ ಬರಲಿಲ್ಲ. ಅಮ್ಮ ಇಪ್ಪತ್ತು ವರ್ಷ ದೇವರ ಹೆಸರಿನಲ್ಲಿ ಸುಳ್ಳಾಣೆ ಹಾಕಿದಳು, ತನಗೇ ಗೊತ್ತಿಲ್ಲದೆ. ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು.

"ಈಗಾದ್ರೂ ನಿಜ ಹೇಳು. ಇಲ್ದಿದ್ರೆ ಅಮ್ಮ ಇಟ್ಟ ಹೆಸರು ಅಲ್ಲಿ ಸೇರೂದಿಲ್ಲ."

ಈರ ಕುಪ್ಪನ ಮನೆಯ ಕಡೆ ನೋಡಿದ. ಎದ್ದು ಹೋಗಿ ನೀರು ಕುಡಿದು ಬಂದ. ಮತ್ತೆ ಕೂತು, ದನಿ ಇಳಿಸಿ ಹೇಳಿದ: "ಹಳದೀಪುರದ ಹೊರಗೆ. ದಡದಲ್ಲಿ ಜೋಡಿ ತೆಂಗಿನಮರ ಇತ್ತಲ್ಲ, ಅವೆರಡೂ ಒಂದೇ ಮರದ ಹಾಂಗೆ ಕಾಣ್ಬೇಕು. ಆಗ ತೆಂಕಿಗೆ ನೋಡಿದ್ರೆ ಕಡಲ ನಡುವಿನ ದುರ್ಗದ ತುದಿ ಹಿಂದಿನ ಗುಡ್ಡದ ಅರ್ಧ ಮುಚ್ಚಿರ್ಬೇಕು. ಅಲ್ಲಿ ಕೆಳಗೆ ಬಂಡೆ." ದಾರ ಬದಿಗಿಟ್ಟು, "ನನ್ನಪ್ಪ ಸಾಯೂಕೆ ಮುಂಚೆ ನಂಗೆ ಹೇಳಿದ್ದ," ಎಂದ.

ಜೋಡಿಯಲ್ಲಿ ಒಂದು ಮರ ಬಿದ್ದು ಬಹಳ ಕಾಲವಾಗಿತ್ತು. ಸುಚಿತಾ ಅದರ ಬುಡವನ್ನು ಹುಡುಕಿ ನೋಡಿ ಬಂದಳು. ಕೆಫೆಯ ಪರದೆಯ ನಕಾಶೆಗೆ ಕಾಗದದ ಅಂಚು ಹಿಡಿದು, ಮರಗಳ ನೇರಕ್ಕೊಂದು, ದುರ್ಗದ ತುದಿಯ ನೇರಕ್ಕೊಂದು, ಎರಡು ಗೆರೆ ಗುರುತಿಸಿದಳು. ಅವು ಕೂಡಿದಲ್ಲಿ ಗುರುತು ಹಾಕಿ, ತಪ್ಪೊಪ್ಪಿಕೊಂಡು, ಮತ್ತೆ ಕಳಿಸಿದಳು. ನಾಲ್ಕು ದಿನಕ್ಕೆ ಒಪ್ಪಿಗೆ ಬಂತು.

ಭಾನುವಾರ ಈರ ಇಸ್ತ್ರಿಯ ಅಂಗಿ ಹಾಕಿಕೊಂಡು ಮಗಳ ಜೊತೆ ಕೆಫೆಗೆ ಬಂದ. ಪರದೆಯ ಮೇಲೆ ಬೆಳ್ಳಿ ಮೀನು ಎತ್ತಿ ಹಿಡಿದು ನಿಂತಿದ್ದಳು. ಸುಚಿತಾ ಓದಿ ಹೇಳಿದಳು: "ಊರಿನ ಹೆಸರು, ಬಳೆಮೀನು. ಹೆಸರಿಟ್ಟವರು, ಬೆಳ್ಳಿ. ಹಿಡಿದವರು, ಈರ."

ಕೆಳಗೆ ನಕಾಶೆಯಲ್ಲಿ ನೀಲಿಯ ನಡುವೆ ಒಂದು ಕೆಂಪು ಚುಕ್ಕೆ. ಈರ ಅದರ ಮೇಲೆ ಬೆರಳಿಟ್ಟ. ಗಾಜು ಮುಟ್ಟಬೇಡಿ ಎಂದು ಕೆಫೆಯವನು ಗದರಿದರೂ ಬೆರಳು ತೆಗೆಯಲಿಲ್ಲ.

"ಜಾಗ ಮಾತ್ರ ಯಾರಿಗೂ ಕಾಣದ ಹಾಂಗೆ ಮುಚ್ಚಿಡ್ಬಹುದು, ಅಪ್ಪಾ," ಎಂದಳು ಸುಚಿತಾ. "ಮುಚ್ಚಲಾ?"

"ಬೇಡ."

"ಕುಪ್ಪಣ್ಣ ನೋಡಿದ್ರೆ?"

"ನೋಡ್ಲಿ." ಈರ ಚುಕ್ಕೆಯಿಂದ ಬೆರಳು ತೆಗೆದು ಮೇಲಿನ ಫೋಟೋದ ಕಡೆ ತೋರಿಸಿದ. "ಎಲ್ರಿಗಿಂತ ಮೊದ್ಲು ಅವಳಿಗೆ ಹೇಳ್ಬೇಕಾಗಿತ್ತು, ಮಗಾ. ಅವಳೊಬ್ಬಳೇ ನಾನು ಹೇಳಿದ್ದು ನಂಬಿದ್ದು."