ಆಕಾಶಕ್ಕೆ ಬೆನ್ನು

ಸಂಜೆ ಕೇರಳದಿಂದ ಹಾರುವ ರಾಕೆಟ್ಟಿನ ಕಿತ್ತಳೆ ಹೊಗೆ ನಮಗೂ ಕಾಣಬಹುದೆಂದು ರೇಡಿಯೋ ಹೇಳಿತ್ತು. ಆಂಡರ್ಸನ್‌ಪೇಟೆಯ ನನ್ನ ಸ್ಟುಡಿಯೋ ಮುಚ್ಚಿ, ಕ್ಯಾಮೆರಾ ಹೊತ್ತು, ಚಿನ್ನದ ಗಣಿಯ ತ್ಯಾಜ್ಯ ಮಣ್ಣು ಸುರಿದ ಸೈನೈಡ್ ದಿಬ್ಬ ಹತ್ತಿದೆ. ಊರೇ ಅಲ್ಲಿತ್ತು. ಕತ್ತಲು ಕವಿಯುವಾಗ ನೈರುತ್ಯದಲ್ಲಿ ಬೆಳಕು ಮೂಡಿತು. ಶಟರ್ ತೆರೆದೆ.

ಅಷ್ಟರಲ್ಲಿ ನೆಲ ನಡುಗಿತು. ಗಣಿಯೊಳಗೆಲ್ಲೋ ಬಂಡೆ ಸಿಡಿದಿತ್ತು. ಕ್ಯಾಮೆರಾದ ಸ್ಟ್ಯಾಂಡ್ ಅಲುಗಾಡಿ ಚಿತ್ರ ಹಾಳಾಯಿತು. ನನ್ನ ಬಳಿ ಇದ್ದದ್ದು ಅದೊಂದೇ ಫಿಲ್ಮು! ಜನರೆಲ್ಲ ಆಕಾಶಕ್ಕೆ ಬೆನ್ನು ಹಾಕಿ ನಂದಿದುರ್ಗ ಗಣಿಯತ್ತ ತಿರುಗಿ ನಿಂತರು.

“ಈ ದರಿದ್ರ ನೆಲ ದಿನಾ ನಡುಗ್ತದೆ. ರಾಕೆಟ್ ದಿನಾ ಬತ್ತದಾ? ನೀವಾದ್ರೂ ಮೇಲೆ ನೋಡ್ರಮ್ಮಾ!” ಎಂದು ರೇಗಿದೆ.

ಪಕ್ಕದಲ್ಲಿದ್ದ, ಗಣಿ ಕಾರ್ಮಿಕರ ಲೈನ್ ಮನೆಯ ಪಾಪಕ್ಕ ತಿರುಗಲೇ ಇಲ್ಲ.

“ಮೇಲಕ್ಕೋಗಿದ್ದು ವಾಪಸ್ ಬರ್ದಿದ್ರೂ ಪರವಾಗಿಲ್ಲ ಕಣಣ್ಣ. ನಮ್ಮನೆಯೋರು ಕೆಳಗವ್ರೆ.”