ಲೋಟದ ಮೇಲಿನ ಹೆಸರು

ನಮ್ಮ ಯಜಮಾನರು ಸೋಮಲಿಂಗಪ್ಪನವರು ಮದುವೆಗೆ ಪಾತ್ರೆ ಬಾಡಿಗೆಗೆ ಕೊಟ್ಟುಕೊಂಡು ತಣ್ಣಗಿದ್ದವರು. ಎಂಬತ್ತೊಂದರ ಬೇಸಿಗೆಯಲ್ಲಿ ಅವರಿಗೆ ಭಾಷಣದ ಹುಚ್ಚು ಹಿಡಿಯಿತು. ಕೋಣನಕುಂಟೆಯ ಪಂಪ್ ಕಾರ್ಖಾನೆಯಲ್ಲಿ ಮುಷ್ಕರ ನಡೆಯುತ್ತಿತ್ತು. ಇವರು ಗೇಟಿನ ಮುಂದೆ ನಮ್ಮದೇ ಶಾಮಿಯಾನ ಹಾಕಿಸಿ, ನಮ್ಮದೇ ಪಾತ್ರೆಗಳಲ್ಲಿ ಅನ್ನ ಸಾರು ಮಾಡಿಸಿ, ಮೈಕು ಹಿಡಿದು ನಿಂತರು. ಪತ್ರಿಕೆಯಲ್ಲಿ ಫೋಟೋ ಬಂತು. ಇವರ ಮುಖಕ್ಕಿಂತ ಸ್ಪಷ್ಟವಾಗಿ ಕಂಡದ್ದು ಹಿಂದಿದ್ದ ಕೊಳಗದ ಮೇಲಿನ ಬರಹ: ‘ಸೋಮಲಿಂಗಪ್ಪ, ಜಯನಗರ’.

ಅಷ್ಟೇ ಸಾಕಾಯಿತು. ಬ್ಯಾಂಕಿನವರು, ಡಾಕ್ಟರು, ಒಬ್ಬರ ಹಿಂದೊಬ್ಬರು ಮದುವೆ ಆರ್ಡರು ಬೇಡವೆಂದರು. ಕೆಂಪು ಬಾವುಟದವರ ಪಾತ್ರೆಯಲ್ಲಿ ಬೀಗರಿಗೆ ಊಟ ಹಾಕುವುದು ಮರ್ಯಾದೆ ಅಲ್ಲವಂತೆ. ಉಳಿದದ್ದು ಒಂದೇ ಮದುವೆ, ಅದೂ ಅದೇ ಕಾರ್ಖಾನೆಯ ಮ್ಯಾನೇಜರ್ ವೃಷಭೇಂದ್ರಪ್ಪನವರ ಮಗಳದು. ವೈಶಾಖದಲ್ಲಿ ಅವರಿಗೆ ಬೇರೆಲ್ಲೂ ಪಾತ್ರೆ ಸಿಕ್ಕಿರಲಿಲ್ಲ.

"ಒಂದು ಲೋಟ ಕಮ್ಮಿ ಆದ್ರೂ ಜಯನಗರದಲ್ಲಿ ನಿಮ್ಮ ಬೋರ್ಡು ಇರಲ್ಲ," ಎಂದು ಮ್ಯಾನೇಜರು ನನ್ನ ಮುಂದೆಯೇ ಹೇಳಿ ಹೋದರು. ಹೇಳಿದ್ದನ್ನು ಮಾಡಿ ತೋರಿಸುವ ಮನುಷ್ಯ.

ಮದುವೆಯ ಹಿಂದಿನ ದಿನ ಮಧ್ಯಾಹ್ನ, ಗೇಟಿನ ಮುಂದಿದ್ದ ಸಾಮಾನನ್ನೆಲ್ಲ ಪೊಲೀಸರು ಲಾರಿಗೆ ತುಂಬಿಕೊಂಡು ಹೋದರು. ಕೊಳಗ, ಬಕೆಟ್ಟು, ಲೋಟ ಒಂದೂ ಬಿಡಲಿಲ್ಲ. ನಮ್ಮ ಪಾತ್ರೆಯೆಲ್ಲ ಅಲ್ಲೇ ಇತ್ತು, ಮದುವೆಗೂ ಅದನ್ನೇ ಕೊಡಬೇಕಿತ್ತು. ದೂರು ಕೊಟ್ಟವರು ಮ್ಯಾನೇಜರೇ. ಮಗಳ ಮದುವೆಯ ಪಾತ್ರೆಯನ್ನು ತಾವೇ ಜಪ್ತಿ ಮಾಡಿಸಿದ್ದರು, ಪುಣ್ಯಾತ್ಮರು. ಕೋರ್ಟಿನಿಂದ ಬಿಡಿಸಿಕೊಳ್ಳಿ ಎಂದು ಠಾಣೆಯವರು ಕೈಚೆಲ್ಲಿದರು.

"ಈಗ ಮಾಡಿ ಭಾಷಣ," ಎಂದೆ. ಯಜಮಾನರು ಖಾಲಿ ಗೋಡೌನಿನಲ್ಲಿ ತಲೆತಗ್ಗಿಸಿ ಕೂತಿದ್ದರು. ಮ್ಯಾನೇಜರ ಮನೆಗೆ ಹೋಗಿ ಇದ್ದದ್ದು ಹೇಳೋಣವೆಂದರೆ, "ಕೊಡ್ತೀನಿ ಅಂದೋನು ನಾನು," ಎಂದು ಕದಲಲಿಲ್ಲ. ಆ ಹೆಸರು ಕಟ್ಟಲು ನಾನೂ ಎಷ್ಟು ಪಾತ್ರೆ ತಿಕ್ಕಿದ್ದೆ. ಸಿಟ್ಟಿಗೆ ಅಳು ಬಂತು.

ಸಂಜೆ ಕೆಂಪಕ್ಕ ಬಂದಳು. ಅವಳ ಗಂಡ ತಿಮ್ಮರಾಯಪ್ಪನನ್ನು ಮ್ಯಾನೇಜರು ಕೆಲಸದಿಂದ ತೆಗೆದಿದ್ದರು. ಅವಳ ಹಿಂದೆ ಕೋಣನಕುಂಟೆ, ವಸಂತಪುರದ ಹೆಂಗಸರ ದಂಡು. ತಲೆಯ ಮೇಲೆ ಹಂಡೆ, ಕಂಕುಳಲ್ಲಿ ತಪ್ಪಲೆ, ಚೀಲದ ತುಂಬ ಲೋಟ.

"ಅವರ ಮನೆ ಮದ್ವೆಗೆ ಕೊಡ್ತೀಯೇನೇ?" ಎಂದೆ.

"ಹುಡುಗಿ ಏನ್ ಮಾಡಿದ್ಲಕ್ಕ? ನಿಮ್ ಹೆಸರು ಹೋಗ್ಬಾರ್ದು."

ಮಾರನೆಯ ದಿನ ಮೊದಲ ಪಂಕ್ತಿಯಲ್ಲಿ ಮ್ಯಾನೇಜರು ಬೀಗರ ಪಕ್ಕ ಕೂತರು. ನಾನು ಸಾರಿನ ಹಂಡೆಯ ಹಿಂದೆ ನಿಂತೆ. ಮನೆ ಪಾತ್ರೆ ಎಂದಮೇಲೆ ಹೆಸರು ಕೆತ್ತಿಸಿಯೇ ಇರುತ್ತಾರೆ. ಎಲೆಗೊಂದು ಲೋಟ, ಲೋಟಕ್ಕೊಂದು ಹೆಸರು. ಬೀಗರು ತಮ್ಮದನ್ನು ತಿರುಗಿಸಿ ಓದಿದರು.

"ಹನುಮಯ್ಯ. ನಿಮ್ಮದರಲ್ಲಿ ತಿಮ್ಮರಾಯಪ್ಪ. ಯಾರು ಬೀಗ್ರೇ ಇವರೆಲ್ಲ?"

ಮ್ಯಾನೇಜರು ಸಾಲಿನುದ್ದಕ್ಕೂ ಕಣ್ಣಾಡಿಸಿದರು. ಎಲ್ಲ ಅವರೇ ಸಹಿ ಹಾಕಿ ಗೇಟಿನಾಚೆ ಕಳಿಸಿದ ಹೆಸರುಗಳು. ಆಮೇಲೆ ನನ್ನತ್ತ ನೋಡಿದರು. ಎದ್ದು ಕೂಗಾಡುತ್ತಾರೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆ.

"ನಮ್ಮ ಫ್ಯಾಕ್ಟರಿಯವರು," ಎಂದರು ಮೆಲ್ಲಗೆ.

"ಭೇಷ್. ಮನೆ ಪಾತ್ರೆನೇ ತಂದುಕೊಟ್ಟಿದಾರೆ ಅಂದ್ರೆ ನೀವು ಎಷ್ಟು ಚೆನ್ನಾಗಿ ನೋಡ್ಕೊಂಡಿರ್ಬೇಕು."

ಮ್ಯಾನೇಜರು ಅನ್ನ ಕಲಸಿದರು, ಕಲಸುತ್ತಲೇ ಇದ್ದರು. ತುತ್ತು ಬಾಯಿಗೆ ಹೋಗಲಿಲ್ಲ. ನೋಡಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಊಟವಾದ ಮೇಲೆ ಲೋಟವನ್ನು ತಾವೇ ಹಿಡಿದುಕೊಂಡು ನಾನಿದ್ದಲ್ಲಿಗೆ ಬಂದರು.

"ಇದನ್ನ ತಿಮ್ಮರಾಯಪ್ಪಂಗೆ ಕೊಟ್ಬಿಡಿ. ಹಂಗೇ ಹೇಳಿ..."

ಕೈಮುಗಿದು ಈಸಿಕೊಂಡಿದ್ದರೆ ನಮ್ಮ ಬೋರ್ಡು ಉಳಿಯುತ್ತಿತ್ತೋ ಏನೋ. ಉಳಿಯಲಿ ಎಂಬ ಆಸೆ ನನಗೂ ಇತ್ತು. ಆದರೂ ಕೈ ಚಾಚಲಿಲ್ಲ.

"ನೀವೇ ಕೊಡಿ ಸಾರ್. ನಿಮ್ಮ ಗೇಟಲ್ಲೇ ಕೂತಿರ್ತಾನೆ."